ವೀಳ್ಯದ ತಟ್ಟೆಯಲ್ಲಿ ಬಂದ ಪ್ರೆಸಿಡೆಂಟರು

ಕಳೆದ ಭಾನುವಾರ ನಾನೊಂದು ಓಟು ಹಾಕಿದೆ. ಹಾಕಿದ್ದು ನನಗೇ ಗೊತ್ತಾಗಲಿಲ್ಲ!

ಹರವೆಯಲ್ಲಿ ನಮ್ಮ ರೈತ-ಕೂಲಿಕಾರರ ಸಂಘದ ಮೊದಲ ವಾರ್ಷಿಕ ಮೀಟಿಂಗು. ಚಾಮರಾಜನಗರದಿಂದ ಬಸ್ಸಿನಲ್ಲಿ ಧೂಳು ಕುಡಿದುಕೊಂಡು ಹೋಗಿದ್ದೆ. ಸಂಘದ ರೂಲ್ಸು ಬರೆದವನು ನಾನೇ (ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ). ಮೂರನೆಯ ರೂಲು: ವರ್ಷಕ್ಕೊಮ್ಮೆ ಎಲ್ಲರೂ ಕೈಯೆತ್ತಿ ಪ್ರೆಸಿಡೆಂಟರನ್ನು ಆರಿಸತಕ್ಕದ್ದು. ದೇಶಕ್ಕೇ ಓಟು ಬಂದಿರುವಾಗ ನಮ್ಮ ಸಂಘಕ್ಕೆ ಬೇಡವೆ?

ಕೂತ ಕೂಡಲೇ ತಾಂಬೂಲದ ತಟ್ಟೆ ಬಂತು. ಚಿಗುರೆಲೆ, ಅಡಿಕೆ, ಸುಣ್ಣ. ಬಾಯಿಗೆ ಹಾಕಿಕೊಂಡೆ. ಮುಂದೆ ಕೂತವರೆಲ್ಲ ಹಾಕಿಕೊಂಡರು. ತಟ್ಟೆ ಖಾಲಿಯಾಯಿತು. ಆಗ ಪ್ರೆಸಿಡೆಂಟ್ ಮಾದಪ್ಪನವರು, ಗುಂಡ್ಲುಪೇಟೆಯ ದೊಡ್ಡ ಜಮೀನುದಾರರು, ಎದ್ದು ಕೈಮುಗಿದರು.

"ಈ ವರ್ಸ್ವೂ ನಾನೇ ಇರ್ಬೇಕು ಅಂತ ಎಲ್ರೂ ವೀಳ್ಯ ಇಸ್ಕಂಡ್ರಿ. ಬಾಳ ಸಂತೋಸ."

ನಮ್ಮ ಕಡೆ ವೀಳ್ಯ ಇಸಿದುಕೊಂಡರೆ ಮಾತು ಕೊಟ್ಟಂತೆ. ಮದುವೆ ನಿಶ್ಚಯವಾಗುವುದೂ ಹಾಗೆ, ಜಗಳ ಮುಗಿಯುವುದೂ ಹಾಗೆ. ಆದರೆ ನಿಶ್ಚಯದಲ್ಲಿ ಗಂಡು ಯಾರು ಅಂತಲಾದರೂ ಮೊದಲು ಹೇಳುತ್ತಾರಲ್ಲ!

ಹಿಂದೆ, ಹೊಂಗೆಮರದಾಚೆ, ಕೂಲಿಕಾರರ ಕೇರಿಯವರು ಕೂತಿದ್ದರು. ಅಲ್ಲಿಂದ ಚಿಕ್ಕತಾಯಮ್ಮ ಎದ್ದರು. ಕೇರಿಗೊಂದು ಬಾವಿ ಬೇಕೆಂದು ಅವರು ವರ್ಷವಿಡೀ ಸಂಘಕ್ಕೆ ಹೇಳಿದ್ದರು. ಅಮಲ್ದಾರರಿಗೆ ಹೋದ ಅರ್ಜಿಯಲ್ಲಿ ರಸ್ತೆಯಿತ್ತು, ನಾಲೆಯಿತ್ತು, ಬಾವಿ ಇರಲಿಲ್ಲ. ಕೇರಿಯ ಹೆಂಗಸರು ಇವತ್ತಿಗೂ ಊರಿನವರ ಬಾವಿಯ ಬಳಿ ಬಿಂದಿಗೆ ಇಟ್ಟುಕೊಂಡು, ಯಾರಾದರೂ ನೀರು ಹೊಯ್ಯಲಿ ಎಂದು ದೂರದಲ್ಲಿ ನಿಲ್ಲುತ್ತಾರೆ.

"ತಟ್ಟೆ ನಮ್ ಗಂಟ ಬರ್ನೇ ಇಲ್ಲ ಬುದ್ದಿ," ಎಂದರು ಚಿಕ್ಕತಾಯಮ್ಮ. "ನಾವು ಎಲೆ ಇಸ್ಕಂಡಿಲ್ಲ. ಅಂದ್ಮೇಲೆ ಒಪ್ಕಂಡೂ ಇಲ್ಲ. ಕೈ ಎತ್ತುಸ್ರಿ. ನಾನೂ ನಿಂತ್ಕತೀನಿ. ನಮ್ ಬಾವಿ ಇಸ್ಯ ಅರ್ಜಿಲಿ ಯಾಕಿಲ್ಲ, ಅದ್ನೂ ಯೋಳ್ಬುಡಿ."

ಇಡೀ ಸಭೆಯಲ್ಲಿ ಮೂರನೆಯ ರೂಲು ನೆನಪಿದ್ದದ್ದು ಓದು ಬಾರದ ಈ ಒಬ್ಬರಿಗೆ.

ಮಾದಪ್ಪನವರು ನಕ್ಕುಬಿಟ್ಟರು. "ಅಷ್ಟೇಯ ಕಣಮ್ಮಿ? ಲೋ, ಅವ್ರ್ಗೂ ಎರಡೆಲೆ ಕೊಟ್ಬುಡ್ರಲಾ!"

ಸಂಘ ಹುಟ್ಟಿದ ಮೇಲೆ ಮೊದಲ ಸಲ ತಟ್ಟೆ ಮರದಾಚೆ ಹೋಯಿತು. ಒಯ್ದವನು ಕೈ ತಾಗದಂತೆ ಎಲೆಯನ್ನು ಮೇಲಿನಿಂದ ಆಕೆಯ ಸೆರಗಿಗೆ ಬಿಟ್ಟ. ಆಕೆ ಸೆರಗು ಕೊಡವಿದರು. ಎಲೆ ಮಣ್ಣಿಗೆ ಬಿತ್ತು.

"ವೀಳ್ಯಕ್ಕೆ ಅವಮಾನ ಮಾಡ್ಬುಟ್ಳು!" ಎಂದು ಮುಂದೆ ಕೂತವರು ಮೈಮೇಲೆ ದೇವರು ಬಂದಂತೆ ಕೂಗಿದರು. ಗಲಾಟೆಯಲ್ಲೇ ಮೀಟಿಂಗು ಮುಗಿಯಿತು. ಸೆಕ್ರೆಟರಿ ನಡವಳಿ ಪುಸ್ತಕದಲ್ಲಿ ಬರೆದದ್ದು ಒಂದೇ ಪದ: ಸರ್ವಾನುಮತ.

ಯಾವ ಸರ್ವರು? ಯಾರ ಅನುಮತ? ಪಟೇಲರ ದರ್ಬಾರು ಸಾಕು ಎಂದಲ್ಲವೆ ನಾವು ಸಂಘ ಕಟ್ಟಿದ್ದು? ಒಂದೇ ವರ್ಷಕ್ಕೆ ಅದೇ ದರ್ಬಾರನ್ನು ನಮ್ಮ ಕುರ್ಚಿಯಲ್ಲಿ ಕೂರಿಸಿಕೊಂಡೆವಲ್ಲ, ನಾಚಿಕೆಯಾಗಬೇಕು ನಮಗೆ. ಮಾದಪ್ಪನವರ ಮೇಲೆ ನನಗೆ ಮೈಯೆಲ್ಲ ಉರಿ. ಅದಕ್ಕಿಂತ ಹೆಚ್ಚಿನ ಉರಿ ನನ್ನ ಮೇಲೆ. ರೂಲು ಬರೆದ ನಾನು ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಾಯಿ ತುಂಬ ಎಲೆಯಿತ್ತು.

ಬಸ್ಸಿಗೆ ಹೋಗುವ ದಾರಿಯಲ್ಲಿ ಚಿಕ್ಕತಾಯಮ್ಮ ಸಿಕ್ಕರು. "ಪೇಪರಿನಲ್ಲಿ ಬರೆಯುತ್ತೇನಮ್ಮ," ಎಂದೆ, ದವಡೆಯಲ್ಲಿನ್ನೂ ಅದೇ ಎಲೆ.

ಅವರು ನನ್ನ ಮುಖವನ್ನೇ ನೋಡಿದರು. "ಬರೀರಿ ಬುದ್ದಿ. ಮೊದ್ಲು ಅದ್ನ ಉಗ್ದ್‌ಬುಡಿ."

ಉಗಿದಿದ್ದೇನೆ. ಪ್ರೆಸಿಡೆಂಟರೇ, ಇದೋ, ಚಿಕ್ಕತಾಯಮ್ಮನವರ ಪರವಾಗಿ ನನ್ನ ಕೈ ಎತ್ತಿದ್ದೇನೆ, ಎಣಿಸುತ್ತೀರಾ?