ಗುಲಾಬಿ ಕೊರಗಿ ಸಾಯಲಿಲ್ಲ

ಗುಲಾಬಿ ಅಮೀರನಿಗಾಗಿ ಕೊರಗಿ ಸತ್ತಳು ಎಂದು ಮದ್ದೂರಿನಿಂದ ಮಳವಳ್ಳಿಯವರೆಗೆ ಜನ ಹೇಳುತ್ತಾರೆ. ಸುಳ್ಳು. ಅವಳು ಹಸಿವಿನಿಂದ ಸತ್ತಳು. ಅವಳಿಗೆ ಉಣಿಸುತ್ತೇನೆಂದು ಮಾತು ಕೊಟ್ಟವನು ನಾನು. ಉಣಿಸದೆ ಇದ್ದವನು ನಾನು. ಆ ಸಾವನ್ನು ಅಮೀರನ ತಲೆಗೆ ಕಟ್ಟಿ, ಅವನು ಅದನ್ನು ಜೀವಮಾನವೆಲ್ಲ ಹೊರುವುದನ್ನು ನೋಡಿಕೊಂಡು ಸುಮ್ಮನೆ ಬದುಕಿದವನೂ ನಾನೇ.

ಗುಲಾಬಿ ಹೆಂಗಸಲ್ಲ, ಚಿಂಪಾಂಜಿ. ಯುದ್ಧದ ಕಾಲದಲ್ಲಿ ರೈಲುಗಳೆಲ್ಲ ಸೈನ್ಯದ ಪಾಲಾಗಿದ್ದಾಗ ಒಂದು ಸರ್ಕಸ್ ಕಂಪನಿ ಮದ್ದೂರಿನಲ್ಲಿ ಇಳಿಯಿತು, ಮತ್ತೆ ಹತ್ತಲಿಲ್ಲ. ಯಜಮಾನ ಒಂದು ದಿನ ಕಾಣೆಯಾದ. ಆನೆ, ಕುದುರೆಗಳನ್ನು ಯಾರ್ಯಾರೋ ಹೊಡೆದುಕೊಂಡು ಹೋದರು. ಯಾರಿಗೂ ಬೇಡವಾಗಿ ಬೋನಿನಲ್ಲಿ ಉಳಿದವು ಎರಡು ಚಿಂಪಾಂಜಿಗಳು. ಕ್ಯಾಪ್ಟನ್ ಎನ್ನುವ ಮುದಿ ಗಂಡು, ಗುಲಾಬಿ ಎನ್ನುವ ಎಳೆಯ ಹೆಣ್ಣು. ಹೆಸರು ಸರ್ಕಸ್ಸಿನವರು ಇಟ್ಟದ್ದು.

ನಿಡಘಟ್ಟದ ಆಚೆ ನಿವೃತ್ತ ದನದ ಡಾಕ್ಟರೊಬ್ಬರ ತೋಟವಿತ್ತು. ಕುಂಟೆತ್ತು, ಕಣ್ಣು ಹೋದ ಜಟಕಾ ಕುದುರೆ, ಇಂಥವನ್ನು ಅವರು ತಂದು ಸಾಕುತ್ತಿದ್ದರು. ಈ ಎರಡನ್ನೂ ಗಾಡಿಯ ಮೇಲೆ ತಂದರು. ಅಲ್ಲಿ ಆಳಾಗಿ ಇದ್ದವನು ನಾನು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಸುಮ್ಮನೆ ಹೊಡೆದರೆಂದು ಎದ್ದು ಬಂದವನು, ಮತ್ತೆ ಆ ಬಾಗಿಲು ತುಳಿಯಲಿಲ್ಲ. ಅಷ್ಟು ರೋಷ. ಕೆಲಸದಲ್ಲಿ ಮಾತ್ರ ನನ್ನನ್ನು ಬೆರಳೆತ್ತಿ ತೋರಿಸುವವರು ಇರಲಿಲ್ಲ. ಆ ಪ್ರಾಣಿಗಳ ಕೊಟ್ಟಿಗೆಗೆ ಕಲ್ಲು ಹೊತ್ತವನು ನಾನು, ಸರಳು ಹೂತವನು ನಾನು, ಮೇಲೆ ಹತ್ತಿ ಕೂರಲೆಂದು ಹುಣಸೆ ದಿಮ್ಮಿ ನೆಟ್ಟವನೂ ನಾನು.

ದಿನಾ ಬೆಳಿಗ್ಗೆ ಹಳೇ ಹುಲ್ಲು ಎಳೆದು, ನೆಲ ತೊಳೆದು, ಹೊಸ ಹುಲ್ಲು ಹಾಸುವುದು. ಕ್ಯಾಪ್ಟನ್ ಕುತ್ತಿಗೆಯಲ್ಲಿ ಕಬ್ಬಿಣದ ಪಟ್ಟಿ ಕೊರೆದ ಹುಣ್ಣಿತ್ತು. ಅದಕ್ಕೆ ಬೇವಿನೆಣ್ಣೆ ಅರಿಶಿನ ಹಚ್ಚುವುದು. ಅವನ ಹಲ್ಲನ್ನು ಸರ್ಕಸ್ಸಿನವರು ಕಿತ್ತಿದ್ದರು, ಹಾಗಾಗಿ ಅವನ ಮುದ್ದೆಯನ್ನು ಸೊಪ್ಪಿನ ರಸದಲ್ಲಿ ಕಿವುಚಿ ಗಂಜಿ ಮಾಡುವುದು. ಯಾರು ಕೊಟ್ಟರೂ ಅವನು ತಿನ್ನುತ್ತಿದ್ದ. ಸಂಜೆ ಚಳಿಗೆ ಗೋಣಿಚೀಲ. ಅದನ್ನು ಅವನೇ ಹೆಗಲ ಮೇಲೆ ಎಳೆದುಕೊಂಡು ಊರ ಪಟೇಲನ ಹಾಗೆ ಕೂರುತ್ತಿದ್ದ.

ಗುಲಾಬಿ ಮಾತ್ರ ತಿನ್ನಲಿಲ್ಲ. ಬಂದ ಹೊಸದರಲ್ಲಿ ಬಾಳೆಹಣ್ಣು ಕೊಟ್ಟರೂ ಮೂಸಿ ಮೂಸಿ ಎಸೆಯುತ್ತಿದ್ದಳು. ಸರ್ಕಸ್ಸಿನವರು ಊಟದಲ್ಲಿ ಅಫೀಮು ಬೆರೆಸುತ್ತಿದ್ದಿರಬೇಕು, ಅದಕ್ಕೇ ಈ ಅನುಮಾನ ಎಂದರು ಡಾಕ್ಟರು. ಆಗ ಪಾತ್ರೆಗಳಿಗೆ ಕಲಾಯಿ ಹಾಕಲು ಬಂದವನು ಅಮೀರ, ಮಳವಳ್ಳಿಯ ಹುಡುಗ. ಮಧ್ಯಾಹ್ನ ಸರಳಿಗೆ ಒರಗಿ ರೊಟ್ಟಿ ತಿನ್ನುತ್ತಿದ್ದ. ಒಳಗಿನಿಂದ ಕೈ ಬಂತು. ಅವನು ಕಚ್ಚಿದ್ದ ರೊಟ್ಟಿಯನ್ನೇ ಕಿತ್ತುಕೊಂಡು ತಿಂದಳು. ತಿಂದು, ಉಳಿದ ತುಂಡನ್ನು ಅವನ ಬಾಯಿಗೆ ಹಿಡಿದಳು. ಅವನು ನಗುತ್ತ ಬಾಯಿ ತೆರೆದ!

ಅವತ್ತೇ ಡಾಕ್ಟರು ಅವನನ್ನು ಕೆಲಸಕ್ಕೆ ಇಟ್ಟುಕೊಂಡರು. ಅವನು ಮೊದಲು ಕಚ್ಚಬೇಕು, ಆಮೇಲೆ ಅವಳು. ಅವಳು ಕೊಟ್ಟದ್ದನ್ನು ಅವನು ತಿನ್ನಬೇಕು. ಒಂದೇ ತಟ್ಟೆ. ಹಾಗೆ ಉಂಡು ಗುಲಾಬಿ ಮೈ ತುಂಬಿಕೊಂಡಳು, ದಿಮ್ಮಿ ಹತ್ತಿದಳು, ಅಮೀರನ ಟೋಪಿ ಕದ್ದು ತಾನು ಹಾಕಿಕೊಂಡಳು. ನೋಡಲು ಜನ ಬರುತ್ತಿದ್ದರು. ‘ಅಮೀರ ಎಲ್ಲಿ?’ ಎಂದು ಕೇಳುತ್ತಿದ್ದರು. ಕಲ್ಲು ಹೊತ್ತವನನ್ನು ಯಾರೂ ಕೇಳಲಿಲ್ಲ.

ಅದಕ್ಕೆ ನನಗೆ ಹೊಟ್ಟೆ ಉರಿಯುತ್ತಿತ್ತು — ಆದರೆ ಉರಿಯಷ್ಟೇ ಆಗಿದ್ದರೆ ಅವಳು ಸಾಯುತ್ತಿರಲಿಲ್ಲ. ಎಂಜಲು. ಹೆಂಡತಿ ಕಚ್ಚಿದ ಮಾವಿನಹಣ್ಣನ್ನೂ ಮುಟ್ಟದವನು ನಾನು. ನಮ್ಮ ಮನೆಯಲ್ಲಿ ಹಾಗೆ ಬೆಳೆಸಿದ್ದರು ಎಂದು ಬರೆಯಬಹುದು; ಬೆಳೆಸಿದವರು ಈಗ ಇಲ್ಲ, ಅವರ ಮೇಲೆ ಏಕೆ ಹಾಕಲಿ? ಅದು ನನ್ನದೇ ಜಂಬ.

ಅಮೀರನ ತಾಯಿಗೆ ಮಳವಳ್ಳಿಯಲ್ಲಿ ಕಾಯಿಲೆ ಜೋರಾಯಿತು. ಬಾ ಎಂದು ಹೇಳಿಕಳಿಸಿದರು. ಅವನು ಹೊರಡಲಾರದೆ ಸರಳು ಹಿಡಿದು ನಿಂತಿದ್ದ. ಗುಲಾಬಿಗೆ ಆಗ ಸಣ್ಣಗೆ ಕೆಮ್ಮು ಬೇರೆ.

“ಚೆಲುವಣ್ಣ, ನೀನು ಉಣ್ಸ್ತೀಯಾ?” ಎಂದ.

“ಓಗ್ಲಾ, ಓಗು. ಎತ್ತೋಳು ಸಾಯ್ತಾವಳೆ, ಕೋತಿ ಮಕ ನೋಡ್ಕಂಡು ನಿಂತವ್ನೆ. ನಾನಿಲ್ವಾ?”

“ಮೊದ್ಲು ನೀನು ಕಚ್ಬೇಕು ಕಣಣ್ಣ. ಆಮೇಲೆ ಅವ್ಳು ಕೊಟ್ರೆ ಬ್ಯಾಡ ಅನ್ಬ್ಯಾಡ. ಬ್ಯಾಡ ಅಂದ್ರೆ ಮುಗೀತು, ಮತ್ತೆ ಮುಟ್ಟಾಕಿಲ್ಲ.”

“ಗೊತ್ತು ಕಣ್ಲಾ, ಬಸ್ಸು ಓಯ್ತದೆ ನಡಿ.”

ಮಾತು ಕೊಡುವಾಗ ನನ್ನಲ್ಲಿ ಮೋಸವಿರಲಿಲ್ಲ. ಅದನ್ನು ನಂಬಿ. ಅವತ್ತು ಮಧ್ಯಾಹ್ನ ತಟ್ಟೆ ಹಿಡಿದು ಒಳಗೆ ಹೋಗಿ ಕೂತೆ. ಮುದ್ದೆ ಮುರಿದು ಒಂದು ತುತ್ತು ಬಾಯಿಗಿಟ್ಟೆ. ಗುಲಾಬಿ ಹತ್ತಿರ ಸರಿದಳು. ಉಳಿದದ್ದನ್ನು ಅವಳ ಕೈಗೆ ಕೊಟ್ಟೆ. ಅವಳು ತಿಂದು, ಅದರಲ್ಲೇ ಒಂದು ಚೂರು ನನ್ನ ಬಾಯಿಯ ಹತ್ತಿರ ಹಿಡಿದಳು — ಅದೇ ಹೊತ್ತಿಗೆ ಬದುವಿನ ಮೇಲೆ ಕಬ್ಬಿನ ಸೋಗೆ ಹೊತ್ತ ಹೆಂಗಸರು ಹೋಗುತ್ತಿದ್ದರು. ನಮ್ಮೂರ ಕಡೆಯವರೇ. ಒಬ್ಬಳು ನಿಂತಳು.

“ಲೇ, ಬರ್ರೇ ಇಲ್ಲಿ! ಚೆಲುವಣ್ಣಂಗೆ ಬೀಗರೂಟ ಕಣ್ರೇ! ಬೀಗಿತ್ತಿ ಬಾಯಿಗಿಡ್ತಾವಳೆ!”

“ಹೆಂಡ್ತಿಗೆ ಯೋಳ್ಬೇಕು ತಡಿ, ಸವತಿ ಬಂದವ್ಳೆ ಅಂತ,” ಎಂದಳು ಇನ್ನೊಬ್ಬಳು.

ಅವರ ನಗು ಇನ್ನೂ ಕಿವಿಯಲ್ಲಿದೆ. ತಮಾಷೆಯಷ್ಟೇ. ಅವರಿಗೆ ನಾಳೆ ಮರೆತುಹೋಗುವ ಮಾತು. ಅಮೀರನಾಗಿದ್ದರೆ ತಾನೂ ನಗುತ್ತ, ನೀನೂ ಬಾರಕ್ಕ ಒಂದು ತುತ್ತು ತಿನ್ನು ಎನ್ನುತ್ತಿದ್ದ. ನಾನು ಅವಳ ಕೈಯನ್ನು ತಳ್ಳಿದೆ. ಜೋರಾಗಿಯೇ ತಳ್ಳಿದೆ. ಚೂರು ಹುಲ್ಲಿನ ಮೇಲೆ ಬಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಹಿಂದಕ್ಕೆ ಸರಿದು ಗೋಡೆಯ ಕಡೆ ತಿರುಗಿ ಕೂತಳು.

ಸಂಜೆ ತಟ್ಟೆ ಇಟ್ಟೆ, ಮುಟ್ಟಲಿಲ್ಲ. ಬೆಳಿಗ್ಗೆಯೂ ಮುಟ್ಟಲಿಲ್ಲ. ಹಸಿದರೆ ತಾನೇ ತಿನ್ನುತ್ತದೆ ಅಂದುಕೊಂಡೆ — ಅವಳನ್ನು ಆಗ ‘ಅದು’ ಎಂದೇ ಕರೆಯುತ್ತಿದ್ದೆ. ನೀರು ಕುಡಿಯುತ್ತಿದ್ದಳು, ದಿಮ್ಮಿಯ ತೊಗಟೆ ಕಚ್ಚುತ್ತಿದ್ದಳು, ಅಷ್ಟೆ. ಡಾಕ್ಟರಿಗೆ ಸೊಂಟ ಹಿಡಿದಿತ್ತು, ಮನೆಯಿಂದ ದಿನಕ್ಕೊಮ್ಮೆ ಮಾತ್ರ ಕೋಲೂರಿಕೊಂಡು ಬರುತ್ತಿದ್ದರು. ಅವರು ಬರುವ ಮುಂಚೆ ಗುಲಾಬಿಯ ಪಾಲನ್ನೂ ಕಿವುಚಿ ಕ್ಯಾಪ್ಟನ್‌ಗೆ ಹಾಕಿಬಿಡುತ್ತಿದ್ದೆ. ತಟ್ಟೆ ಖಾಲಿ.

“ತಿಂದಳೇನಯ್ಯ?”

“ತಿಂದ್ಳು ಸ್ವಾಮಿ.”

ಕೆಮ್ಮಿಗೆ ಅವರು ಕೊಟ್ಟ ಔಷಧಿಯನ್ನು ಊಟದಲ್ಲೇ ಬೆರೆಸಬೇಕಿತ್ತು. ಅದೂ ಕ್ಯಾಪ್ಟನ್ ಹೊಟ್ಟೆ ಸೇರಿತು. ಅವಳು ಇಳಿಯುತ್ತ ಬಂದಳು. ಕಣ್ಣು ಒಳಗೆ ಹೋದವು. ತಿಂದರೂ ಹೀಗೇಕೆ ಎಂದು ಡಾಕ್ಟರು ಬಹಳ ಹೊತ್ತು ನೋಡಿದರು. ಕೊನೆಗೆ ಅವರೇ ಅಂದರು — “ಕೊರಗು ಹತ್ತಿದೆ ಕಣಯ್ಯ ಇದಕ್ಕೆ. ಅಮೀರನನ್ನು ಕರೆಸೋಣವೇ?”

ಆಗ ನಾನು ಹೇಳಿದ ಮಾತು ಕೇಳಿ. “ತಾಯಿ ಸಾಯೋ ಹೊತ್ನಲ್ಲಿ ಹೆಂಗೆ ಕರ್ಸೋದು ಸ್ವಾಮಿ? ಪಾಪ ಅಲ್ವಾ?”

ಎಷ್ಟು ಒಳ್ಳೆಯ ಮಾತು! ಡಾಕ್ಟರ ಕಣ್ಣು ಒದ್ದೆಯಾಯಿತು. ನಾನು ಆ ಮಾತನ್ನು ಆಡಿದ್ದು ಅಮೀರ ಬಂದರೆ ಒಂದೇ ನೋಟಕ್ಕೆ ತಿಳಿದುಕೊಳ್ಳುತ್ತಾನೆಂಬ ಹೆದರಿಕೆಗೆ. ಅವನ ಸಾಯುವ ತಾಯಿಯನ್ನು ನಾನು ಅಡ್ಡ ಹಿಡಿದುಕೊಂಡೆ.

ಕೊನೆಗೆ ಒಂದು ಬೆಳಿಗ್ಗೆ, ಬದುವಿನ ಮೇಲೆ ಯಾರೂ ಇಲ್ಲದ್ದನ್ನು ನೋಡಿಕೊಂಡು, ಬಾಳೆಹಣ್ಣು ಕಚ್ಚಿ ಅವಳ ತುಟಿಗೆ ಹಿಡಿದೆ. ಯಾರೂ ಇಲ್ಲದ್ದನ್ನು ನೋಡಿಕೊಂಡು — ಆಗಲೂ. ಅವಳು ಕಣ್ಣು ಬಿಟ್ಟಳು, ಬಾಯಿ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಳು.

ತಾಯಿಯನ್ನು ಮಣ್ಣು ಮಾಡಿ, ಮಾಡಬೇಕಾದದ್ದು ಮುಗಿಸಿ ಅಮೀರ ಬಂದ. ನೇರ ಕೊಟ್ಟಿಗೆಗೆ ಹೋದ. ದಿಮ್ಮಿ ನೋಡಿದ, ಮೂಲೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಡಾಕ್ಟರೂ ಇದ್ದರು. ನಿಜ ಹೇಳಲು ಬಾಯಿ ತೆರೆದೆನೋ ಇಲ್ಲವೋ — ಇಲ್ಲ, ತೆರೆಯಲಿಲ್ಲ. ಹೇಳಿದ್ದು ಇದು:

“ನೀನು ಓದೆಯಲ್ಲ, ಅದ್ಕೇ ಕಣ್ಲಾ. ನಿನ್ನೇ ಕಾದ್ಲು, ಕಾದ್ಲು, ಪ್ರಾಣ ಬುಟ್ಳು.”

ಅವನು ನೆಲದ ಮೇಲೆ ಕೂತ. “ಅಮ್ಮನ್ ತಾವ ಓಗ್ಬಾರ್ದಿತ್ತು ನಾನು,” ಎಂದ. ತಾಯಿಯ ಬಾಯಿಗೆ ಕೊನೆಯ ನೀರು ಬಿಟ್ಟು ಬಂದವನು, ಹೋಗಬಾರದಿತ್ತು ಎಂದ. ಹೇಳಿಸಿದವನು ನಾನು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ವಯಸ್ಸಿನಲ್ಲಿ ಇದನ್ನು ಬರೆಯುತ್ತಿರಲಿಲ್ಲವೇನೋ. ಕತೆ ಊರೂರು ತಿರುಗಿತು; ಅನ್ನ ಬಿಟ್ಟಳೆಂಬುದನ್ನು ಜನ ತಾವೇ ಸೇರಿಸಿದರು. ಕೋತಿಯೊಂದು ಸಾಕಿದವನಿಗಾಗಿ ಅನ್ನ ಬಿಟ್ಟು ಸತ್ತಿತಂತೆ! ಹಲಗೂರಿನಿಂದ ಗಾಡಿ ಕಟ್ಟಿಕೊಂಡು ಬಂದು ಗುಲಾಬಿಯನ್ನು ಹೂತ ಜಾಗಕ್ಕೆ ಹೂ ಹಾಕಿದವರಿದ್ದಾರೆ. ಅಮೀರ ಅವರೆದುರು ತಲೆ ತಗ್ಗಿಸಿ ನಿಲ್ಲುತ್ತಿದ್ದ. ಆಮೇಲೆ ಅವನು ತೋಟ ಬಿಟ್ಟು ಕದಲಲಿಲ್ಲ. ಹಬ್ಬಕ್ಕೂ ಊರಿಗೆ ಹೋಗಲಿಲ್ಲ. ಕ್ಯಾಪ್ಟನ್ ಪಕ್ಕದಲ್ಲೇ ಚಾಪೆ ಹಾಸಿದ.

ಯುದ್ಧ ಮುಗಿದ ಮೇಲೆ ಅವನಿಗೆ ಮದುವೆಯಾಯಿತು. ಹೆಂಡತಿ ಬಾಣಂತನಕ್ಕೆ ಮಳವಳ್ಳಿಯ ತವರಿಗೆ ಹೋಗಿದ್ದಳು. ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ತೋಟದ ಹತ್ತಿರ ಬಸ್ಸು ನಿಲ್ಲಿಸಿ ಕೂಗಿದ — ಹೆಣ್ಣು ಮಗು, ಬಲವಿಲ್ಲ, ಮೊಲೆ ಹಿಡೀತಿಲ್ಲ, ಬೇಗ ಬರಬೇಕಂತೆ, ವಾಪಸ್ ಬರುವಾಗ ಹತ್ತಿಸಿಕೊಂಡು ಹೋಗುತ್ತೇನೆ. ಅಮೀರ ಟೋಪಿ ಹಾಕಿಕೊಂಡು ಹೊರಟ. ಬೇಲಿಯ ತನಕ ಹೋಗಿ ತಿರುಗಿ ಬಂದ. ಆವತ್ತು ಕ್ಯಾಪ್ಟನ್ ವಸಡು ಊದಿ ಗಂಜಿ ಅರ್ಧ ಬಿಟ್ಟಿದ್ದ.

“ಅಣ್ಣ, ಕ್ಯಾಪ್ಟನ್ ತಿಂದಿಲ್ಲ. ನಾ ಓದ್ರೆ ಇವ್ನೂ… ಏನ್ ಮಾಡ್ಲಿ ಯೋಳು. ಓಗ್ಲಾ?”

ಕ್ಯಾಪ್ಟನ್‌ಗೆ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಯಾರು ಕೊಟ್ಟರೂ ತಿನ್ನುವ ಮುದುಕ. ಗುಲಾಬಿ ಏಕೆ ಸತ್ತಳೆಂಬುದೂ ಭೂಮಿಯ ಮೇಲೆ ನನ್ನೊಬ್ಬನಿಗೆ ಗೊತ್ತಿತ್ತು. ಆಗ ಹೇಳಬಹುದಿತ್ತು. ಅಷ್ಟೂ ಬೇಡ — ‘ಓಗ್ಲಾ, ಏನೂ ಆಗಾಕಿಲ್ಲ’ ಎಂದು ಗದರಿದ್ದರೂ ಹೋಗುತ್ತಿದ್ದ. ಆದರೆ ಹಾಗೆಂದರೆ ಅವನು ಕೇಳುತ್ತಾನೆ: ಹಾಗಾದರೆ ಗುಲಾಬಿಗೆ ಏನಾಯಿತು? ಆ ಪ್ರಶ್ನೆ ಬರುವುದು ಬೇಡವಾಗಿತ್ತು ನನಗೆ.

“ನಿನ್ನಿಷ್ಟ ಕಣಪ್ಪ. ನಾನೇನ್ ಯೋಳ್ಲಿ?” ಎಂದೆ.

ಬಸ್ಸು ಬಂತು, ನಿಂತಿತು. ಕಂಡಕ್ಟರ್ ಕೂಗಿದ. ಅಮೀರ ಕ್ಯಾಪ್ಟನ್‌ನ ಗಲ್ಲ ಹಿಡಿದು ಗಂಜಿ ಕುಡಿಸುತ್ತಿದ್ದವನು ಕೈ ಆಡಿಸಿ ಬಸ್ಸನ್ನು ಕಳಿಸಿಬಿಟ್ಟ. ಕ್ಯಾಪ್ಟನ್ ಸಂಜೆ ಹೊತ್ತಿಗೆ ಎಲ್ಲ ತಿಂದ. ಮಾರನೆಯ ದಿನ ಅದೇ ಬಸ್ಸು ನಿಂತಾಗ ಕಂಡಕ್ಟರ್ ಕೂಗಲಿಲ್ಲ, ಇಳಿದು ಬಂದ.

ಮಗಳ ಮುಖವನ್ನು ಅಮೀರ ನೋಡಲೇ ಇಲ್ಲ. ಅವನು ಹೋಗುವಷ್ಟರಲ್ಲಿ ಮಣ್ಣು ಮುಚ್ಚಿದ್ದರು. ಹೆಂಡತಿ ಅವನೊಡನೆ ಮಾತು ಬಿಟ್ಟಳು. ಬಹಳ ಕಾಲ ಬಿಟ್ಟಿದ್ದಳಂತೆ. ‘ಕೋತಿಗಾಗಿ ಮಗೂನ ಬುಟ್ಟವ್ನು’ ಎಂದು ಅವಳ ಕಡೆಯವರು ಬೀದಿಯಲ್ಲೇ ಆಡಿಕೊಂಡರು. ಆ ಮಾತನ್ನು ಅವನೇ ನನಗೆ ಹೇಳಿದ, ಕ್ಯಾಪ್ಟನ್‌ನ ಹುಣ್ಣಿಗೆ ಎಣ್ಣೆ ಹಚ್ಚುತ್ತ, ಬೇರೆ ಯಾರದೋ ಸುದ್ದಿ ಹೇಳುವವನ ಹಾಗೆ. ನಾನು ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದೆ. ಆಗಲೂ ಹೇಳಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ಕ್ಯಾಪ್ಟನ್ ವಯಸ್ಸಾಗಿ ಸತ್ತ. ಡಾಕ್ಟರು ತೋಟ ಮಾರಿದರು, ಅಲ್ಲಿ ಕಬ್ಬು ಎದ್ದಿತು. ಅಮೀರ ಮಳವಳ್ಳಿಗೆ ಹೋಗಿ ಕಲಾಯಿ ಅಂಗಡಿ ಇಟ್ಟ. ಮುಂದೆ ಮಕ್ಕಳಾದರು, ಮೊಮ್ಮಕ್ಕಳಾದರು. ಆ ಕಡೆ ಹೋದಾಗಲೆಲ್ಲ ನಾನು ಅವನ ಅಂಗಡಿಯ ಮುಂದೆ ನಿಂತಿದ್ದೇನೆ. ಅವನು ಎದ್ದು ಜಾಗ ಬಿಟ್ಟು, ‘ನನ್ನ ಅಣ್ಣನ ಹಾಗೆ’ ಎಂದು ಪಕ್ಕದವರಿಗೆ ಹೇಳಿದ್ದಾನೆ. ಕಳೆದ ಸಾರಿ ಅವನ ಮೊಮ್ಮಗ ಗುಲಾಬಿಯ ಕತೆ ಹೇಳು ಎಂದು ಕಾಡಿದ. ಅಮೀರ ಪೂರ್ತಿ ಹೇಳಿದ. ಅವಳು ಕಾದದ್ದು, ಅನ್ನ ಬಿಟ್ಟದ್ದು. ಹೇಳಿ, “ಚೆಲುವಣ್ಣ ಕಣ್ಣಾರೆ ನೋಡವ್ನೆ, ಬೇಕಾದ್ರೆ ಕೇಳು,” ಎಂದ. ಹುಡುಗ ನನ್ನ ಮುಖ ನೋಡಿದ. ನಾನು ಹೂಂ ಎಂದೆ.

ಇಷ್ಟು ವರ್ಷ ನನಗೆ ನಾನೇ ಒಂದು ಮಾತು ಹೇಳಿಕೊಂಡೆ: ಈಗ ನಿಜ ಹೇಳಿದರೆ ಅವನಿಗೆ ಉಳಿದಿರುವ ಒಂದೇ ಸಮಾಧಾನ, ಒಂದು ಜೀವ ತನಗಾಗಿ ಅಷ್ಟು ಹಂಬಲಿಸಿತೆಂಬುದು, ಅದನ್ನೂ ಕಿತ್ತುಕೊಂಡಂತೆ ಎಂದು. ಇದೂ ಡಾಕ್ಟರಿಗೆ ಹೇಳಿದ್ದರ ಜಾತಿಯದೇ ಮಾತು. ಮೇಲೆ ಕರುಣೆ, ಕೆಳಗೆ ಹೆದರಿಕೆ. ಅವನಿಗೆ ಓದಲು ಬರುವುದಿಲ್ಲ. ಪತ್ರಿಕೆಗೆ ಕಳಿಸುತ್ತಿರುವ ಇದು ಅಚ್ಚಾಗಿ ಬೇರೆಯವರ ಬಾಯಿಂದ ಅವನ ಕಿವಿಗೆ ಬೀಳುವ ಮುಂಚೆ ನಾನೇ ಹೋಗಿ, ಎದುರು ಕೂತು, ಓದಿ ಹೇಳುತ್ತೇನೆ. ಹೆಂಡತಿಯನ್ನೂ ಕರೆ ಎನ್ನುತ್ತೇನೆ. ಅವಳೂ ಕೇಳಬೇಕು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವನು ಕ್ಷಮಿಸಿಬಿಡುತ್ತಾನೆ.

ಅಮೀರ, ನೀನು ಹೋದದ್ದಕ್ಕೆ ಗುಲಾಬಿ ಸಾಯಲಿಲ್ಲ. ತಾಯಿಯ ಹತ್ತಿರ ನೀನು ಹೋಗಲೇಬೇಕಿತ್ತು. ಆ ಬೆಳಿಗ್ಗೆಯೂ ನೀನು ಹೋಗಬಹುದಿತ್ತು ಕಣಪ್ಪ. ಇಲ್ಲಿ ಯಾವ ಪ್ರಾಣಿಗೂ ಏನೂ ಆಗುತ್ತಿರಲಿಲ್ಲ. ನೀನು ನಿನ್ನ ಮಗಳನ್ನು ಎತ್ತಿಕೊಳ್ಳಬಹುದಿತ್ತು.