ಬಚ್ಚಲ ಹಿಂದಿನ ಮರ

ಎಪ್ಪತ್ತರ ದಶಕದ ಕೊನೆಯಲ್ಲಿ ಸಮಾಜಶಾಸ್ತ್ರದ ಎಂ.ಎ. ಪ್ರಬಂಧಕ್ಕೆಂದು ಹೊನ್ನವಳ್ಳಿಯ ಸೋದರತ್ತೆಯ ಮನೆಯಲ್ಲಿ ಉಳಿದಿದ್ದೆ. ತೆಂಗಿನ ತೋಟವಿರುವ ಮನೆಗಳಲ್ಲಿ ಹೆಂಗಸರ ಪಾಲಿಗೆ ಏನಿರುತ್ತದೆ ಎಂಬುದು ನನ್ನ ವಿಷಯ. ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಸೈಕ್ಲೋಸ್ಟೈಲ್ ಮಾಡಿಸಿದ ಪ್ರಶ್ನಾವಳಿ ಕೊಟ್ಟು, ನಲವತ್ತು ಮನೆ ಮುಗಿಸಿಕೊಂಡು ಬಾ, ಕತೆ ಬೇಡ, ಅಂಕಿ ಬೇಕು ಎಂದಿದ್ದರು. ಯುಗಾದಿಯೊಳಗೆ ಒಪ್ಪಿಸದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಅಪ್ಪ ಇನ್ನೊಂದು ವರ್ಷ ಓದಿಸುವವರಲ್ಲ. ಹಾಗೆಂದು ಅವರೇ ಹೇಳಿದ್ದರೋ ನಾನೇ ಊಹಿಸಿಕೊಂಡಿದ್ದೆನೋ, ಈಗ ಖಾತ್ರಿಯಿಲ್ಲ.

ಎರಡು ವಾರದಲ್ಲಿ ನಲವತ್ತು ಹಾಳೆ ತುಂಬಿದವು. ಜಗಲಿಯಲ್ಲಿ ಯಜಮಾನರು ಹೇಳುವುದು, ನಾನು ಬರೆಯುವುದು. ತೋಟದಲ್ಲಿ ಎಷ್ಟು ಮರ, ಅದರಲ್ಲಿ ಹೆಂಗಸರದ್ದು ಎಷ್ಟು? ಎರಡನೆಯದಕ್ಕೆ ಎಲ್ಲರೂ ನಕ್ಕು ಸೊನ್ನೆ ಹಾಕಿಸಿದರು. ಅಷ್ಟು ಸ್ಪಷ್ಟವಾದ ಉತ್ತರ ಸಿಕ್ಕಿದ್ದಕ್ಕೆ ನನಗೆ ಖುಷಿಯೇ ಆಗಿತ್ತೆಂದು ಒಪ್ಪಿಕೊಳ್ಳಬೇಕು.

ಹೊರಡುವ ಹಿಂದಿನ ಬೆಳಿಗ್ಗೆ ಅತ್ತೆ ಚಟ್ನಿಗೆ ಕಾಯಿ ಒಡೆಯುತ್ತಿದ್ದರು. ತೋಟದ ಕಾಯೆಲ್ಲ ಕೊಬ್ಬರಿಯಾಗಲೆಂದು ಅಟ್ಟ ಸೇರುತ್ತಿತ್ತು. ಅದನ್ನು ಇಳಿಸಿದರೆ ಮಾವ ರೇಗುತ್ತಿದ್ದರು. ಇದೆಲ್ಲಿಂದ ಬಂತು ಎಂದು ಸುಮ್ಮನೆ ಕೇಳಿದೆ.

"ಬಚ್ಚಲ ಹಿಂದ್ಲ ಮರದ್ದು ಕಣೇ. ಅದು ನಂದು."

ಹಿತ್ತಿಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಎರಡು ಮರಗಳಿದ್ದವು. ಆಗ ಬರೆದಿಟ್ಟ ನನ್ನ ದಿನಚರಿಯಲ್ಲಿ ಮೂರು ಎಂದಿದೆ. ನನ್ನ ಕಣ್ಣಿಗೆ ಈಗಲೂ ಎರಡೇ ಕಾಣುತ್ತವೆ. ಅತ್ತೆ ಮದುವೆಯಾಗಿ ಬಂದ ವರ್ಷ ಅವರ ಕೈಯಿಂದಲೇ ಸಸಿ ನೆಡಿಸಿದ್ದರಂತೆ. ಅದರ ಕಾಯನ್ನು ಬಾಣಂತಿಗೆ ಕೊಡಲಿ, ತವರಿಗೆ ಕಳಿಸಲಿ, ಯಾರನ್ನೂ ಕೇಳಬೇಕಾಗಿಲ್ಲ. ಊರಲ್ಲೆಲ್ಲ ಹೀಗೆಯೇ ಎಂದರು.

ಜಗಲಿಗೆ ಹೋಗಿ, ನೀವು ಬರೆಸಿದ ತೊಂಬತ್ತಾರು ಮರಗಳಲ್ಲಿ ಹಿತ್ತಿಲಿನವು ಸೇರಿವೆಯೇ ಎಂದು ಮಾವನನ್ನು ಕೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಂತಿತು.

"ತೋಟದಾಗೆ ಎಷ್ಟೈತೆ ಅಂತ ಕೇಳ್ದೆ, ತೋಟದ್ದು ಹೇಳ್ದೆ. ಹಿತ್ಲಾಗಿರೋದ್ನ ಯಾವ ಗಂಡಸು ಎಣಿಸ್ತಾನಮ್ಮ?"

"ಎಣಿಸ್ದಿರೋದೇ ವಾಸಿ ಬುಡು," ಎಂದರು ಅತ್ತೆ ಒಳಗಿನಿಂದ. "ಮರ ಎಣಿಸ್ದೋರು ನಾಳೆ ಕಾಯೂ ಎಣಿಸ್ತಾರೆ."

ನಲವತ್ತು ಸೊನ್ನೆಗಳು ಕೈಯಲ್ಲೇ ಕರಗಿದವು. ಯಾರೂ ಸುಳ್ಳು ಹೇಳಿರಲಿಲ್ಲ. ನಾನು ತಪ್ಪು ಜಾಗದಲ್ಲಿ ಕೂತು ಕೇಳಿದ್ದೆ.

ಪ್ರಯಾಣ ಮುಂದೂಡಿ, ಹಾಳೆ ಮನೆಯಲ್ಲೇ ಬಿಟ್ಟು, ಅತ್ತೆಯ ಜೊತೆ ಐದು ಹಿತ್ತಿಲುಗಳಲ್ಲಿ ಕೂತೆ. ಪೆನ್ನು ತೆಗೆದರೆ ಮಾತು ನಿಲ್ಲುತ್ತಿತ್ತು. ಹಾಗಾಗಿ ಸಂಜೆ ನೆನಪಿನಿಂದ ಬರೆದುಕೊಂಡೆ. ಐದೂ ಮನೆಯಲ್ಲಿ ಬಚ್ಚಲ ಮರ ಮನೆಯಾಕೆಯದೇ. ಎಣಿಕೆಗೆ ಸಿಕ್ಕದ್ದು ಮಾತಿಗೆ ಸಿಕ್ಕಿತೆಂದು ಬೀಗುತ್ತ ಮೇಷ್ಟ್ರಿದ್ದ ಮೈಸೂರಿಗೆ ಹೋದೆ.

ಮೇಷ್ಟ್ರು ಪೂರ್ತಿ ಓದಿದರು. ಚೆನ್ನಾಗಿದೆ ಎಂದರು. ಆಮೇಲೆ, "ಈ ಐದು ಮನೆ ಆರಿಸಿದವರು ಯಾರಮ್ಮ?" ಎಂದರು.

ಅತ್ತೆಯ ಗೆಳತಿಯರ ಮನೆಗಳು. ಅದು ಹೊಳೆದದ್ದೇ ಆಗ. ಯುಗಾದಿಗೆ ಮೂರು ವಾರವಿತ್ತು. ಮರುದಿನವೇ ವಾಪಸ್ಸು ಬಸ್ಸು ಹತ್ತಿದೆ.

ಈ ಸಲ ನಲವತ್ತೂ ಮನೆಗೆ ಹಿತ್ತಿಲ ಬಾಗಿಲಿನಿಂದ ಹೋದೆ. ಮೊದಲು ಮಾತು, ಕೊನೆಗೆ ಒಂದೇ ಪ್ರಶ್ನೆ: ಈ ಮರ ಯಾರದ್ದು? ಕೆಲವು ಮನೆಗಳಲ್ಲಿ ಮರವೇ ಇರಲಿಲ್ಲ. ಕೆಲವು ಕಡೆ ಅದು ಅತ್ತೆಯಾದವಳದು. ಸೊಸೆ ಒಂದೊಂದು ಕಾಯಿಗೂ ಕೇಳಿ ನಿಲ್ಲಬೇಕು. ಅಂಥ ಮನೆಗಳಲ್ಲಿ ಒಂದು ನಮ್ಮತ್ತೆಯ ಮನೆಯ ಬೀದಿಯಲ್ಲೇ ಇತ್ತು. ಹೆಸರು, ಮನೆ ಯಾವುದನ್ನೂ ಬರೆಯುವುದಿಲ್ಲವೆಂದು ಎಲ್ಲರಿಗೂ ಮಾತು ಕೊಟ್ಟಿದ್ದೆ.

ಸೊಸೆ ಕೇಳಿ ನಿಲ್ಲಬೇಕಾದ ಮನೆಗಳ ಲೆಕ್ಕ ಕೇಳಿದ ಅತ್ತೆ, "ನಮ್ ಬೀದೀಲೂ ಐತಾ?" ಎಂದರು. ಇದೆ ಎಂದೆ. ಯಾವ ಮನೆ ಎಂದು ಅವರು ಕೇಳಲಿಲ್ಲ ಎಂದು ನನ್ನ ನೆನಪು. ಕೇಳಿದರು, ನಾನು ಹೇಳಲಿಲ್ಲ ಎಂದು ದಿನಚರಿ. ಆ ವಾರ ಅವರು ಬೀದಿಯ ಪ್ರತಿ ಸೊಸೆಗೂ ಒಂದೊಂದು ಕಾಯಿ ಕೊಟ್ಟು ಬಂದರು.

ಪ್ರಬಂಧ ಯುಗಾದಿಗೆ ಎರಡು ದಿನ ಮೊದಲು ಮೇಷ್ಟ್ರ ಮೇಜು ಸೇರಿತು. ಕೋಷ್ಟಕದಲ್ಲಿ ಹಿತ್ತಿಲಿಗೆ ಒಂದು ಕಾಲಂ, ಅದರ ಹಿಂದೆ ಮೂವತ್ತು ಪುಟ ಮಾತು. ಮೇಷ್ಟ್ರಿಗೆಂದು ಅತ್ತೆ ಎರಡು ಕಾಯಿ ಕಳಿಸಿದ್ದರು. ದಿನಚರಿಯಲ್ಲಿ ಅದರ ಸುದ್ದಿಯಿಲ್ಲ. ಆದರೆ ಆ ಭಾರಕ್ಕೆ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಚೀಲದ ಹಿಡಿ ಕಿತ್ತುಬಂದು, ಪ್ರಬಂಧವನ್ನೂ ಕಾಯನ್ನೂ ಒಟ್ಟಿಗೆ ತಬ್ಬಿಕೊಂಡು ಬಸ್ಸು ಹತ್ತಿದ್ದಂತೂ ನಿಜ.