ಚಾದರದ ಕೆಳಗಿನ ಕೈ

ಮದುವೆಯಾಗಿ ಸೋಲಾಪುರಕ್ಕೆ ಬಂದ ಮೊದಲ ಎರಡು ವರ್ಷ ಆ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆಯೆಲ್ಲ ಒಂದು ವಾರಪತ್ರಿಕೆಯಿಂದ ಬಂದದ್ದು. ಅಡಿಗೆಯಲ್ಲಿ ನನ್ನ ಕೈ ಅಷ್ಟಕ್ಕಷ್ಟೆ. ರೊಟ್ಟಿ ಬಡಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅತ್ತೆ ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದರು, ಏಕೆಂದರೆ ಶುಕ್ರವಾರ ಮಧ್ಯಾಹ್ನ ಅವರಿಗೆ ನಾನು ಬೇಕಾಗಿದ್ದೆ.

ನಮ್ಮದು ಚಾದರ, ಟವೆಲ್ಲುಗಳ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಕಲ್ಲು ಹಾಸಿದ ಅಂಗಳ. ಅಂಗಡಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಅತ್ತೆ ಎರಡನ್ನೂ ಸರಾಗವಾಗಿ ಆಡುತ್ತಿದ್ದರು, ಅಕ್ಷರ ಮಾತ್ರ ಯಾವುದರದೂ ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಆ ಮರಾಠಿ ಪತ್ರಿಕೆಯನ್ನು ಅಂಗಡಿಯ ಗಂಡಸರು ಓದಿ ಮುಗಿಸಿದ ಮೇಲೆ ಅದು ಒಳಗೆ ಬರುತ್ತಿತ್ತು. ಪಕ್ಕದ ಮನೆಯ ಮಾವಶಿಯೂ ಬಂದು ಕೂಡುತ್ತಿದ್ದರು. ಅವರಿಬ್ಬರಿಗೆ ನಾನು ಓದಿ ಹೇಳಬೇಕು. ಅಚ್ಚಿನ ಮರಾಠಿ ಅತ್ತೆಗೆ ಒಣ ಒಣ ಅನಿಸುತ್ತಿತ್ತು. "ಕೋರ್ಟಿನಾಗ ನಿಂತಂಗ ಆಗತೈತಿ. ನಮ್ಮ ಮಾತಿನಾಗ ಹೇಳವಾ" ಅನ್ನುತ್ತಿದ್ದರು.

ನಾನು ಅಕ್ಕಲಕೋಟದ ಕಡೆಯ ನಾಗಣಸೂರಿನವಳು. ಓದು ಕಲಿತದ್ದು ಮರಾಠಿ ಸಾಲೆಯಲ್ಲಿ, ಮಾತು ಕಲಿತದ್ದು ಅಜ್ಜಿಯ ಮಗ್ಗುಲಲ್ಲಿ. ಅಜ್ಜಿ ಕಥೆ ಹೇಳಿದರೆ ರಾಜನ ಹೆಂಡತಿ ಏನು ಉಟ್ಟಿದ್ದಳು ಅನ್ನುವುದನ್ನೂ ಬಿಡುತ್ತಿರಲಿಲ್ಲ. ನಿನಗೆ ಹೆಂಗ ಗೊತ್ತು ಅಂತ ನಾವು ಕೇಳಿದರೆ, "ಮತ್ತ ಉಡದ ಬಂದಿದ್ಲೇನು?" ಅಂತ ನಮ್ಮನ್ನೇ ತಿರುಗಿ ಕೇಳುತ್ತಿದ್ದಳು. ಆ ವಿದ್ಯೆ ನನಗೂ ಬಂದಿತ್ತು.

ಆ ಪತ್ರಿಕೆ ಗಾತ್ರದಲ್ಲಿ ಸಣ್ಣದು, ತಲೆಬರಹ ಮಾತ್ರ ಕೆಂಪು ಶಾಯಿಯಲ್ಲಿ ಅರ್ಧ ಪುಟ ತಿನ್ನುತ್ತಿತ್ತು. ಯಾವ ಪುಢಾರಿ ಏನು ನುಂಗಿದ, ಯಾವ ಸಭಾಸದ ಎಲ್ಲಿ ಕಂಡ, ಅದೇ ಅದರ ಬಂಡವಾಳ. ಆದರೆ ಅದರೊಳಗಿನ ಯಾವ ವಾಕ್ಯವೂ ನೇರವಾಗಿ "ಹೀಗೆ ನಡೆಯಿತು" ಅನ್ನುತ್ತಿರಲಿಲ್ಲ. ಹೀಗೆಂದು ಜನ ಆಡಿಕೊಳ್ಳುತ್ತಾರೆ, ಬಲ್ಲವರಿಂದ ತಿಳಿದುಬಂದಿದೆ, ಇದು ನಿಜವೇ, ಇದಕ್ಕೆ ಉತ್ತರ ಕೊಡುವವರು ಯಾರು. ಓದಿ ಹೇಳುವವಳಿಗೆ ಇದು ಪೇಚಾಟ. ಜನ ಆಡಿಕೊಳ್ಳುತ್ತಾರೆ ಅಂದರೆ ಮಾವಶಿ "ಯಾರು?" ಅಂತ ಕೇಳುವವರು. ಹಾಗಾಗಿ ನಾನು ಆ ಪ್ರಶ್ನೆಗಳನ್ನೂ ಆಡಿಕೊಳ್ಳುವವರನ್ನೂ ಕೇರಿ ಹಾಕಿ, ನಡೆದದ್ದನ್ನು ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದೆ.

ಒಮ್ಮೆ ಒಬ್ಬ ಪುಢಾರಿ ಜೀಪಿನಿಂದ ಇಳಿಯುವ ಚಿತ್ರ ಬಂದಿತ್ತು. ಹಿಂದಿನ ಸೀಟಿನಲ್ಲಿ ಒಂದು ಸೆರಗು ಮಾತ್ರ ಕಾಣುತ್ತಿತ್ತು. ಆ ಸೆರಗು ಯಾರದು ಅನ್ನುವ ಒಂದು ಪ್ರಶ್ನೆಯ ಹೊರತು ಸುದ್ದಿಯಲ್ಲಿ ಇನ್ನೇನೂ ಇರಲಿಲ್ಲ. ನಾನು ಸೆರಗಿಗೆ ಹಸಿರು ಬಣ್ಣ ಕೊಟ್ಟೆ, ಸೆರಗಿನವಳಿಗೆ ಒಂದು ಸಾಲೆಯಲ್ಲಿ ಕೆಲಸ ಕೊಟ್ಟೆ, ಅವಳ ಗಂಡನನ್ನು ಮುಂಬಯಿಯ ಗಿರಣಿಗೆ ಕಳಿಸಿದೆ. ಮುಂದಿನ ವಾರ ಬಳೆ ತೊಡಿಸಲು ಬಂದ ಬಳೆಗಾರ್ತಿ ಅದೇ ಕಥೆಯನ್ನು ನನಗೇ ಹೇಳಿದಳು, ಹಸಿರು ಸೆರಗಿನ ಸಮೇತ. ನಾಚಿಕೆ ಆಗಬೇಕಿತ್ತು. ಆದದ್ದು ಹೆಮ್ಮೆ.

ತುರ್ತು ಪರಿಸ್ಥಿತಿ ಬರುವುದಕ್ಕೆ ಮೊದಲಿನ ಚಳಿಗಾಲ. ಆ ಶುಕ್ರವಾರ ಅಂಗಳದ ಬಿಸಿಲಿನಲ್ಲಿ ಮೂವರೂ ಶೇಂಗಾ ಸುಲಿಯುತ್ತ ಕೂತಿದ್ದೆವು. ಪತ್ರಿಕೆ ಬಿಚ್ಚಿದೆ. ಮೊದಲ ಪುಟದಲ್ಲಿ ದೊಡ್ಡ ಚಿತ್ರ. ಇಬ್ಬರು ಎದುರುಬದುರು ನಿಂತಿದ್ದಾರೆ. ಒಬ್ಬನ ಬೆನ್ನು ಮಾತ್ರ ಕಾಣುತ್ತದೆ. ಇನ್ನೊಬ್ಬನ ಮುಖ ನಮ್ಮ ಕಡೆಗಿದೆ, ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದಾರೆ. ಇಬ್ಬರ ಕೈಗಳೂ ಒಂದು ಚಾದರದ ಕೆಳಗಿವೆ. ಮೇಲೆ ಕೆಂಪಿನಲ್ಲಿ, ಚಾದರದ ಕೆಳಗೆ ಅಡಗಿರುವುದೇನು ಅನ್ನುವ ಪ್ರಶ್ನೆ. ಅದರ ಕೆಳಗೆ ಸಣ್ಣಕ್ಷರದಲ್ಲಿ, ಬಡವರಿಗಾಗಿ ಎತ್ತುಗಳ ಖರೀದಿ.

ಒಳಗಿನ ಸಾಲು ಓದುವ ಮೊದಲೇ ನಾನು ಶುರು ಮಾಡಿದೆ. "ಅತ್ತಿ, ಈ ವಾರದ ಕಳ್ಳಗ ಥಂಡಿ ಭಾಳ ಆಗೇತ್ರಿ. ಕೈಗೂ ಹೊಚಗೊಂಡಾನ."

ಮಾವಶಿ ನಕ್ಕರು. "ಏನ ತಗೊಂಡಾನಂತ?"

"ಜೋಡೆತ್ತಿಗೆ ಇಷ್ಟು ಅಂತ ತಗೋತಾನ. ಮಾರಿ ನೋಡ್ರಿ, ಎಷ್ಟ ಸಮಾಧಾನದಾಗ ನಿಂತಾನ. ಹಳೇ ರೂಢಿ ಇದ್ದಂಗ ಐತಿ."

ಅತ್ತೆ ಕೈ ಒರೆಸಿಕೊಂಡು ಪತ್ರಿಕೆ ತೆಗೆದುಕೊಂಡರು. ಓದಲು ಬರದಿದ್ದರೂ ಚಿತ್ರವನ್ನು ಒಮ್ಮೆ ತಾವೇ ನೋಡಬೇಕು, ಅದು ಅವರ ಪದ್ಧತಿ.

"ಇಂವನ ಕಣ್ಣ ಯಾಕ ಕಟ್ಟ್ಯಾರ?"

"ಯಾರಂತ ಗೊತ್ತಾಗಬಾರದಂತ್ರಿ."

"ಗೊತ್ತಾಗಬಾರದಾದ್ರ ಚಿತ್ರಾ ಯಾಕ ಹಾಕಬೇಕು?"

ಅತ್ತೆ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದರು. ಅವರ ಹೆಬ್ಬೆರಳು ಮುಖ ಬಿಟ್ಟು ಚಾದರದ ಅಂಚಿಗೆ ಬಂತು. ಅರಿವೆಯ ಮನೆಯವರು, ಅವರು ನೋಡುವುದೇ ಹಾಗೆ.

"ಇದು ನಮ್ಮ ಅಂಗಡೀದು" ಅಂದರು. "ನಡುವ ಒಂದ ದಪ್ಪ ಗೀರು, ಎರಡೂ ಮಗ್ಗಲಕ ಸಣ್ಣ ಗೀರು. ಈ ಅಂಚು ನಾವು ಮಾರಿಲ್ಲ. ನಿಮ್ಮ ಲಗ್ನದಾಗ ಬೀಗರಿಗೆ ಆಯೇರಿ ಕೊಡಾಕಂತ ಹೇಳಿ ನೇಯಿಸಿದ್ದು."

ನಾನು ಪತ್ರಿಕೆ ಕಸಿದುಕೊಂಡೆ. ಅತ್ತೆಯ ಕೈಯಿಂದ ನಾನು ಕಸಿದದ್ದು ಅದೊಂದೇ ಸಲ. ಚುಕ್ಕಿ ಚುಕ್ಕಿಯ ಮಬ್ಬು ಚಿತ್ರ. ಕಪ್ಪು ಪಟ್ಟಿಯ ಕೆಳಗೆ ಮೂಗು, ಅದರ ಕೆಳಗೆ ಒಂದು ಕಡೆ ಇಳಿಬಿದ್ದ ಮೀಸೆ. ಎಡಕ್ಕೆ ಜಗ್ಗಿದ ಭುಜ. ನನ್ನನ್ನು ಸಣ್ಣವಳಿದ್ದಾಗ ಹೊತ್ತು ತಿರುಗಿದ ಅಪ್ಪನ ಭುಜವೇ ಅದು.

ಮಾವಶಿ ಮೆಲ್ಲಗೆ "ಅಗಬಾಯಿ, ಬೀಗರೇನು?" ಅಂದರು.

ನಮ್ಮ ಕಡೆಯವರಿಗೆ ಆ ಚಿತ್ರದಲ್ಲಿ ಗುಟ್ಟೇನೂ ಇಲ್ಲ. ದನದ ಬಾಜಾರದಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಅರಿವೆಯ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಹಿಡಿದು ಬೆಲೆ ಮುಟ್ಟಿಸುತ್ತಾರೆ. ಸುತ್ತ ನಿಂತವರಿಗೆ ತಿಳಿಯಬಾರದು, ಮುಂದಿನ ಎತ್ತಿನವನು ಅದೇ ಬೆಲೆಗೆ ಪಟ್ಟು ಹಿಡಿಯಬಾರದು ಅಂತ. ದೊಡ್ಡ ಬರದಲ್ಲಿ ದನ ಕಳೆದುಕೊಂಡ ಸಣ್ಣ ರೈತರಿಗೆ ಸರಕಾರದಿಂದ ಎತ್ತು ಕೊಡಿಸುವ ಒಂದು ಕಮಿಟಿ ಇತ್ತು. ಎತ್ತಿನ ಹಲ್ಲು, ಸುಳಿ ಬಲ್ಲವನೆಂದು ಊರವರೇ ಅಪ್ಪನನ್ನು ಅದಕ್ಕೆ ಕಳಿಸಿದ್ದರು. ಅಕ್ಕಲಕೋಟದ ಬಾಜಾರದಲ್ಲಿ ಅವನು ಎಲ್ಲರೂ ಮಾಡುವುದನ್ನೇ ಮಾಡುತ್ತ ನಿಂತಾಗ ಯಾರೋ ಚಿತ್ರ ತೆಗೆದಿದ್ದರು. ಸೋಲಾಪುರದಲ್ಲಿ ಪತ್ರಿಕೆ ನಡೆಸುವವನಿಗೆ ಇದು ಗೊತ್ತಿರಲಿಲ್ಲ ಅಂತ ನಾನು ಇವತ್ತಿಗೂ ನಂಬುವುದಿಲ್ಲ. ಆದರೆ ನನಗೂ ಗೊತ್ತಿತ್ತಲ್ಲ. ಆ ಬಾಜಾರ ನೋಡುತ್ತಲೇ ಬೆಳೆದವಳು ನಾನು. ಕೆಂಪು ಅಕ್ಷರ ಒಂದು ಪ್ರಶ್ನೆ ಕೇಳಿದ್ದೇ ತಡ, ಆ ಕಪ್ಪು ಪಟ್ಟಿ ಕಂಡದ್ದೇ ತಡ, ಗೊತ್ತಿದ್ದದ್ದೆಲ್ಲ ಮರೆತು ಕಳ್ಳ ಅಂದಿದ್ದೆ.

"ಈಗ ಓದು" ಅಂದರು ಅತ್ತೆ. "ಬರದದ್ದಷ್ಟ ಓದು. ನಿಂದೇನೂ ಹಾಕಬ್ಯಾಡ."

ಓದಿದೆ. ಗಡಿ ಕಡೆಯ ಹಳ್ಳಿಯ ಒಬ್ಬ ಕಮಿಟಿ ಸಭಾಸದ. ಚಾದರದ ಮರೆಯ ವ್ಯವಹಾರ. ಬಾಜಾರದಲ್ಲಿ ಹಲವು ಮಾತು ಹಬ್ಬಿದೆ. ಬಡವನ ಪಾಲಿಗೆ ಬಂದ ಎತ್ತು ಎಂಥದು, ಚಾದರದವರ ಪಾಲಿಗೆ ಬಂದದ್ದು ಎಷ್ಟು. ಅಧಿಕಾರಿಗಳು ಎಚ್ಚರಾಗುವರೇ. ಅಷ್ಟೇ. ಪುಟ ಮುಗಿಯಿತು.

"ಅವರು ಏನರೆ ತಗೊಂಡ್ರು ಅಂತ ಬರದಾರ?"

"ಇಲ್ರಿ."

"ಯಾರರೆ ನೋಡ್ಯಾರಂತ?"

"ಇಲ್ರಿ ಅತ್ತಿ."

"ಹಂಗಾರ ಜೋಡೆತ್ತಿಗೆ ಇಷ್ಟು ಅಂತ ತಗೋತಾನ ಅಂದೆಲ್ಲ, ಅದು ಎಲ್ಲೈತಿ?"

"ಅದು ನಾ ಅಂದದ್ರಿ."

ಅತ್ತೆ ಬೈಯಲಿಲ್ಲ. ಶೇಂಗಾದ ಬುಟ್ಟಿ ತಮ್ಮ ಕಡೆ ಎಳೆದುಕೊಂಡರು. ಮಾವಶಿ ತಡೆಯಲಾರದೆ ಕೇಳಿದರು, "ಮತ್ತ ಆ ಹಸರ ಸೆರಗು?"

"ಅದೂ ನಂದ ಮಾವಶಿ."

"ನಾ ಅದನ್ನ ನಾಕ ಮನ್ಯಾಗ ಹೇಳೀನಿ" ಅಂದು ಅವರು ತಲೆ ತಗ್ಗಿಸಿದರು.

ಎರಡು ದಿನಕ್ಕೆ ಅಪ್ಪ ಬಂದ. ಯಾವಾಗಲೂ ಅಂಗಡಿಯಲ್ಲಿ ಕೂತು, ಚಹಾ ಕುಡಿದು, ಆಮೇಲೆ ಒಳಗೆ ಬರುವವನು ಅವತ್ತು ನೇರ ಅಂಗಳಕ್ಕೆ ಬಂದ. ಕೋಟಿನ ಒಳಕಿಸೆಯಿಂದ ನಾಲ್ಕು ಮಡಿಕೆಯ ಪತ್ರಿಕೆ ತೆಗೆದ. ಅವನ ಕಾಲಕ್ಕೆ ನಮ್ಮೂರ ಸಾಲೆ ಕನ್ನಡದ್ದು. ಮರಾಠಿ ಆಡುತ್ತಿದ್ದ, ಅಚ್ಚು ಓದಲು ಬರುತ್ತಿರಲಿಲ್ಲ.

"ಇದನ್ನ ಓದಿ ಹೇಳವಾ. ಊರಾಗ ಯಾರೂ ನನ್ನ ಮುಂದ ಓದವಲ್ಲರು. ಒಬ್ಬಾಂವ ಚಾಳೀಸ ಮರತ ಬಂದೀನಿ ಅಂದ. ಇನ್ನೊಬ್ಬಾಂವ ಏನಿಲ್ಲ ಬಿಡ್ರಿ ಅಂದ. ನಾ ಬೆನ್ನ ತಿರುವಿದ ಕೂಡ್ಲೆ ಗುಂಪು ಕೂಡತಾರ. ಒಂದ ಜೋಡಿಗೆ ಇಷ್ಟ ತಿಂದೀನಿ ಅಂತ ಒಬ್ರು, ಅದರಾಗ ಹೊಲಾ ಹಿಡದೀನಿ ಅಂತ ಒಬ್ರು. ಇದರಾಗ ಖರೇನ ಏನ ಬರದಾರ?"

ಓದಿದೆ. ಒಂದೊಂದೇ ಸಾಲು, ಮೊದಲು ಮರಾಠಿ, ಆಮೇಲೆ ಕನ್ನಡ. ಅಪ್ಪ ನೆಲ ನೋಡುತ್ತ ಕೇಳಿದ. ಮುಗಿದ ಮೇಲೆ "ಇಷ್ಟನ?" ಅಂದ.

"ಇಷ್ಟನಪಾ."

"ಹೊಲದ ಸುದ್ದಿ?"

"ಇಲ್ಲ."

ಆಗ ಅವನು ಬಂದ ಕೆಲಸ ಹೇಳಿದ. ನಾಳೆ ಸೋಮವಾರ ಊರವರು ಚಾವಡಿಯಲ್ಲಿ ಕೂಡುತ್ತಾರೆ. ಎರಡನೆಯ ಸಲದ ಎತ್ತುಗಳನ್ನು ತರಲು ಅಪ್ಪನೇ ಹೋಗಬೇಕೋ ಬೇಡವೋ ಅಂತ ತೀರ್ಮಾನ. ಬೇಡ ಅಂದರೆ ಆ ಊರಲ್ಲಿ ಅವನು ಮತ್ತೆ ತಲೆ ಎತ್ತಿ ಹೋಗುವ ಹಾಗಿರಲಿಲ್ಲ. "ನೀ ಬಂದು ಹಿಂಗ ಓದತಿ?" ಅಂದವನು, ತಾನೇ ತಡೆದು, "ಹೆಣ್ಣಮಕ್ಕಳು ಚಾವಡಿ ಹತ್ತಿದ್ದು ನಮ್ಮೂರಾಗ ಇಲ್ಲ. ಬೀಗ್ತಿಯವರು ಏನಂತಾರೋ" ಅಂದ.

ಅತ್ತೆ ಬಾಗಿಲ ಹಿಂದೆಯೇ ಇದ್ದರು. "ಹೋಗಿ ಬರಲ್ರಿ. ಇದ ಅಂಗಳದಾಗ ಕುಂತು ನಿಮಗ ಕಳ್ಳ ಅಂದಾಳ, ಗುರ್ತ ಸಿಗೂಕಿಂತ ಮದ್ಲ. ನಾವೂ ನಕ್ಕೀವಿ. ಈಗ ಅದರಾಗ ಇದ್ದದ್ದಷ್ಟ ಓದಿ ಬರಲಿ."

ಅಪ್ಪ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಲಿಲ್ಲ.

ಮರುದಿನ ಚಾವಡಿಯ ಮೆಟ್ಟಿಲ ಮೇಲೆ, ತಲೆ ತುಂಬ ಸೆರಗು ಹೊದ್ದು, ಓದಿದೆ. ನಾಲಗೆ ತುರಿಸುತ್ತಿತ್ತು. ಅಪ್ಪ ಎಂಥವನು, ಬರದಲ್ಲಿ ಯಾರ ಯಾರ ದನಕ್ಕೆ ಮೇವು ಹಾಕಿದ, ಎರಡು ಮಾತು ಸೇರಿಸಿದರೆ ಅರ್ಧ ಊರು ಕಣ್ಣೊರೆಸುತ್ತಿತ್ತು. ಅಜ್ಜಿಯ ಮೊಮ್ಮಗಳಿಗೆ ಅದು ಕಷ್ಟದ ಕೆಲಸವಲ್ಲ. ಬಿಟ್ಟೆ. ಇದ್ದದ್ದನ್ನು ಓದಿ ಪತ್ರಿಕೆ ಕೆಳಗೆ ಕೊಟ್ಟೆ. ಅದು ಕೈಯಿಂದ ಕೈಗೆ ಹೋಯಿತು.

ಒಬ್ಬ ಮುದುಕ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ, "ಎತ್ತ ಎಲ್ಲದಾವ?"

"ಯಾವ ಎತ್ತೋ ಕಾಕಾ?"

"ಎತ್ತಿನ ಯಾಪಾರ ಅಂತೀರಿ. ಇದರಾಗ ಎತ್ತ ಎಲ್ಲದಾವ? ಎತ್ತ ಇಲ್ಲದ ಚಾದರದಾಗ ಕೈ ಇಟ್ರ ನಾನೂ ಕಳ್ಳನ ಕಾಣಸ್ತೀನಿ."

ಮತ್ತೊಬ್ಬ ರೈತ ಅದನ್ನು ಇಸಿದುಕೊಂಡು, ಚಿತ್ರದ ತೀರ ಅಂಚಿನಲ್ಲಿ ಉಗುರಿಟ್ಟ. ಪತ್ರಿಕೆಯವರು ಚಿತ್ರ ಕತ್ತರಿಸುವಾಗ ಉಳಿದ ಒಂದು ಚೂಪು ತುದಿ ಅಲ್ಲಿತ್ತು. "ಇದು ನನ್ನ ಎತ್ತಿನ ಕೊಂಬ. ತುದಿ ಒಳಗ ಬಾಗೇತಿ ನೋಡ್ರಿ. ಈಗ ನಮ್ಮ ಗ್ವಾದಲ್ಯಾಗ ಕಟ್ಟೇನಿ, ಬೇಕಾದ್ರ ಬಂದು ಹಚ್ಚಿ ನೋಡ್ರಿ."

ಜನ ನಕ್ಕರು. ಅಪ್ಪನೂ ನಕ್ಕ. ಆ ನಗೆ ಇಳಿಯುವಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ, ಅಕ್ಕಲಕೋಟದಲ್ಲಿ ಕಾಲೇಜು ಓದುವವನು, ಕೇಳಿದ, "ಏನೂ ಇಲ್ಲದ ಯಾಕ ಛಾಪಸ್ತಾರ?" ಅವನು ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ. ಪತ್ರಿಕೆ ಮತ್ತೊಂದು ಸುತ್ತು ಕೈಯಿಂದ ಕೈಗೆ ಹೋಯಿತು.

ಅಪ್ಪನೇ ಹೋಗಲಿ ಅಂತ ತೀರ್ಮಾನವಾಯಿತು, ಆದರೆ ಚಾದರ ಬೇಡ, ಬೆಲೆ ಬಾಯಿಬಿಟ್ಟು ಹೇಳಲಿ. ಅಪ್ಪ ಒಪ್ಪಿದ. ಮುಂದೆ ಬಾಜಾರದಲ್ಲಿ ಅವನು ಬೆಲೆ ಕೂಗಿ ಹೇಳಿದಾಗ ಒಳ್ಳೆಯ ಜೋಡಿಯವರು ಹಗ್ಗ ಹಿಡಿದು ಆಚೆ ಸರಿದರಂತೆ. ಆ ಸಲ ಬಂದ ಎತ್ತುಗಳು ಮೊದಲಿನಷ್ಟು ಚೆನ್ನಾಗಿರಲಿಲ್ಲ. ಅದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ನನ್ನನ್ನು ಸೋಲಾಪುರದ ಬಸ್ಸಿಗೆ ಹತ್ತಿಸಲು ಅಪ್ಪ ಅಕ್ಕಲಕೋಟದವರೆಗೆ ಬಂದ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದೆವು. ಎರಡು ದಿನದಿಂದ ಕಾಯುತ್ತಿದ್ದ ಪ್ರಶ್ನೆ ಆಗ ಬಂತು.

"ನಾ ಅಂತ ಗುರ್ತ ಹಿಡಿಯೂಕಿಂತ ಮದ್ಲ, ಚಿತ್ರಾ ನೋಡಿದ ಕೂಡ್ಲೆ, ನಿನಗ ಖರೇನ ಹಂಗ ಅನಸ್ತು?"

ಸುಳ್ಳು ಹೇಳಬಹುದಿತ್ತು. ಓದಿ ಓದಿ ಸುಸ್ತಾಗಿದ್ದೆ. "ಅನಸ್ತಪಾ. ಕಳ್ಳನ ಅನಸ್ತು."

ಎದುರಿಗೆ ಒಂದು ಚಹಾದ ಅಂಗಡಿ ಇತ್ತು. ಅಪ್ಪ ಗಲ್ಲ ಎತ್ತಿ ಅದನ್ನು ತೋರಿಸಿದ.

"ನಾ ಅಲ್ಲೇ ಕುಂತಿದ್ದೆ. ಮಗ್ಗಲದಾಂವ ಪೇಪರ ಬಿಚ್ಚಿದ. ನಾ ಬಗ್ಗಿ ನೋಡಿದೆ. ಅಕ್ಷರ ಬರೂದಿಲ್ಲ, ಕಣ್ಣಿಗೆ ಆ ಕಪ್ಪ ಪಟ್ಟಿ ಒಂದ ಬಿತ್ತು. ಇಂವ ಯಾವನೋ ಬಡವರದು ತಿಂದಾನ ನೋಡ್ರಿ ಅಂತ ಬಾಯಿಬಿಟ್ಟ ಅಂದೆ. ಮಂದಿ ಪೇಪರ ಬಿಟ್ಟು ನನ್ನ ಮಾರೀನ ನೋಡಾಕತ್ತರು. ಆವಾಗ ತಿಳೀತು."